ಜೇಬುಚಾಕುವಿನ ಹಿಡಿಗೆ ಯಾವ ಬಣ್ಣ?

ಮೊದಲ ಸಲ ಒಳ್ಳೆಯ ಜೇಬುಚಾಕು ಕೊಳ್ಳಲು ಹೊರಟವರು ಉಕ್ಕು ಯಾವುದೆಂದು ವಿಚಾರಿಸುತ್ತಾರೆ, ಅಲಗಿನ ಉದ್ದ ಕೇಳುತ್ತಾರೆ, ತೆರೆದಾಗ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ಅಲುಗಾಡಿಸಿ ನೋಡುತ್ತಾರೆ. ಹಿಡಿಯ ಬಣ್ಣದ ಮಾತು ಬಂದಾಗ ಮಾತ್ರ "ಕಪ್ಪೇ ಇರಲಿ ಬಿಡಿ, ಕೊಳೆ ಕಾಣುವುದಿಲ್ಲ" ಎಂದು ಮುಗಿಸಿಬಿಡುತ್ತಾರೆ. ಈ ಬರಹ ಆ 'ಇರಲಿ ಬಿಡಿ'ಯ ವಿರುದ್ಧ. ಜೇಬುಚಾಕು ತನ್ನ ಆಯುಷ್ಯದ ಬಹುಪಾಲನ್ನು ಮಡಚಿಕೊಂಡೇ ಕಳೆಯುತ್ತದೆ, ಮಡಚಿದ ಚಾಕುವಿನಲ್ಲಿ ಕಾಣುವುದು ಹಿಡಿಯೊಂದೇ. ದಿನಕ್ಕೆ ಹತ್ತು ಸಲ ಕೈಗೆ ಬರುವ ವಸ್ತುವಿನ ಬಣ್ಣವನ್ನು ಅಂಗಡಿಯವನ ಮರ್ಜಿಗೆ ಬಿಡುವುದು ರಸಿಕರ ಲಕ್ಷಣವಲ್ಲ.

ನಮ್ಮಲ್ಲಿ ಚಾಕು ಇಟ್ಟುಕೊಂಡು ಓಡಾಡುವವನೆಂದರೆ ಸಿನಿಮಾದ ರೌಡಿ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಎಲೆಯಡಿಕೆ ಚೀಲದಲ್ಲಿ ಅಡಕತ್ತರಿ ಇಟ್ಟುಕೊಂಡು ಮದುವೆಮನೆಗೆ ಹೋಗುತ್ತಿದ್ದ ಅಜ್ಜಂದಿರನ್ನು ಯಾರೂ ರೌಡಿಗಳೆನ್ನಲಿಲ್ಲ. ಕೊರಿಯರ್ ಪೊಟ್ಟಣದ ಟೇಪು ಬಿಡಿಸುವುದು, ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವುದು, ರೈಲಿನಲ್ಲಿ ಒಂದು ಸೀಬೆಹಣ್ಣನ್ನು ನಾಲ್ಕು ಮಂದಿಗೆ ಹಂಚುವುದು, ತೋಟದಲ್ಲಿ ಬಳ್ಳಿ ಕಟ್ಟಿದ ದಾರ ಕೊಯ್ಯುವುದು, ಜೇಬುಚಾಕುವಿನ ಕೆಲಸ ಇಷ್ಟೇ. ಅಲಗು ಎರಡೂವರೆ ಮೂರು ಇಂಚು ಇದ್ದರೆ ಧಾರಾಳವಾಯಿತು.

ಕಪ್ಪನ್ನು ಮೊದಲು ಬದಿಗಿಟ್ಟುಬಿಡೋಣ. 1990ರ ದಶಕದಿಂದೀಚೆಗೆ ಅಮೆರಿಕದ ಚಾಕು ಪೇಟೆಯಲ್ಲಿ 'ಟ್ಯಾಕ್ಟಿಕಲ್' ಎಂಬ ಗಾಳಿ ಜೋರಾಗಿ ಬೀಸಿತು. ಸೈನಿಕರು, ಪೊಲೀಸರು ಬಳಸುವಂಥದ್ದು ಎಂಬ ಗತ್ತಿಗಾಗಿ ಹಿಡಿ, ಅಲಗು, ಕ್ಲಿಪ್ಪು, ಸ್ಕ್ರೂ ಎಲ್ಲವೂ ಕಪ್ಪಾದವು. ಅದರ ಅಲೆ ನಮ್ಮ ಆನ್‌ಲೈನ್ ಅಂಗಡಿಗಳ ಅಗ್ಗದ ಚಾಕುಗಳಿಗೂ ಬಡಿದಿದೆ. ಕಚೇರಿಯಲ್ಲಿ ಯಾರದ್ದೋ ಹುಟ್ಟುಹಬ್ಬದ ಕೇಕಿನ ಡಬ್ಬಿ ಬಿಚ್ಚಲು ಅಂಥದೊಂದನ್ನು ಜೇಬಿನಿಂದ ತೆಗೆದು ನೋಡಿ, ಪಕ್ಕದವರು ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸುತ್ತಾರೆ. ಅಷ್ಟೇ ಉದ್ದದ ಅಲಗಿರುವ ಕೆಂಪು ಸ್ವಿಸ್ ಚಾಕು ತೆಗೆದರೆ "ಅದರಲ್ಲಿ ಕತ್ತರಿಯೂ ಇದೆಯಾ, ಕೊಡಿ ನೋಡೋಣ" ಎಂದು ಕೈ ಚಾಚುತ್ತಾರೆ. ಇಷ್ಟು ವ್ಯತ್ಯಾಸ ಮಾಡುವುದು ಬಣ್ಣ.

ನನ್ನ ದೊಡ್ಡ ತಕರಾರು ಬೇರೆ. ಮಾಸಲು ಕಪ್ಪು ಬೆಳಕನ್ನು ನುಂಗುತ್ತದೆ. ಹಿಡಿಯ ಅಂಚನ್ನು ಎಷ್ಟು ನಯವಾಗಿ ಉರುಟು ಮಾಡಿದ್ದಾರೆ, ಬೆರಳು ಕೂರುವಲ್ಲಿ ಎಷ್ಟು ಆಳಕ್ಕೆ ಕೊರೆದಿದ್ದಾರೆ, ಎರಡು ಪಟ್ಟಿಗಳು ಕೂಡುವಲ್ಲಿ ಸಂದು ಉಳಿದಿದೆಯೇ, ಇವೆಲ್ಲ ಗೊತ್ತಾಗುವುದು ನೆರಳು ಬೆಳಕಿನ ಆಟದಲ್ಲಿ. ಕಪ್ಪಿನಲ್ಲಿ ಆ ಆಟವೇ ನಡೆಯುವುದಿಲ್ಲ. ಕೆಟ್ಟ ಕೆಲಸವನ್ನು ಮುಚ್ಚುವ ಬಣ್ಣ ಒಳ್ಳೆಯ ಕೆಲಸವನ್ನೂ ಮುಚ್ಚುತ್ತದೆ. ಕರಿಮರ ಮತ್ತು ಎಮ್ಮೆಯ ಕೊಂಬು ಈ ಮಾತಿಗೆ ಹೊರತು. ಅವುಗಳ ಕಪ್ಪಿನೊಳಗೆ ಕಂದು ಎಳೆಗಳಿರುತ್ತವೆ, ಬಿಸಿಲಿಗೆ ಹಿಡಿದರೆ ಆಳ ಕಾಣುತ್ತದೆ.

ಇನ್ನು ಕೆಂಪು. ಸ್ವಿಟ್ಜರ್ಲೆಂಡಿನ ಶ್ವೀಟ್ಸ್ ಪ್ರಾಂತ್ಯದ ಇಬಾಕ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಚಾಕು ಕಾರ್ಖಾನೆ ತೆರೆದು, 1891ರಲ್ಲಿ ಸ್ವಿಸ್ ಸೇನೆಗೆ ಸೈನಿಕರ ಚಾಕು ಪೂರೈಸತೊಡಗಿದ. 1897ರಲ್ಲಿ ಅದಕ್ಕಿಂತ ಹಗುರವಾದ, ಬಿರಡೆ ತೆಗೆಯುವ ತಿರುಪನ್ನೂ ಸೇರಿಸಿದ 'ಆಫೀಸರರ ಚಾಕು' ಎಂಬುದಕ್ಕೆ ಹಕ್ಕು ನೋಂದಾಯಿಸಿದ. ಇಂದು ನಾವು ಸ್ವಿಸ್ ಸೇನೆಯ ಚಾಕು ಎಂದು ಕರೆಯುವ ಕೆಂಪು ಚಾಕು ಈ ಆಫೀಸರರ ಚಾಕುವಿನ ಸಂತಾನ, ಸೇನೆ ಹಂಚುತ್ತಿದ್ದುದರದ್ದಲ್ಲ. ಆಫೀಸರುಗಳು ಅದನ್ನು ತಮ್ಮ ದುಡ್ಡಿನಲ್ಲೇ ಕೊಳ್ಳಬೇಕಿತ್ತು. ಸೈನಿಕರಿಗೆ ಕೊಟ್ಟ ಮೊದಲ ಮಾದರಿಗೆ ಕಡುಬಣ್ಣದ ಮರದ ಹಿಡಿಯಿತ್ತು. 1961ರ ಮಾದರಿ ಬೆಳ್ಳಿಬಣ್ಣದ ಅಲ್ಯೂಮಿನಿಯಂ. 2008ರ ಮಾದರಿ ಪಾಚಿಹಸಿರು, ನಡುವೆ ಕೈ ಜಾರದಂತೆ ಕಪ್ಪು ಪಟ್ಟಿ. 1909ರಲ್ಲಿ ಎಲ್ಸೆನರ್ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಆಕೆಯ ಹೆಸರನ್ನು ಕಂಪನಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ ಆ ಉಕ್ಕಿಗೆ ಫ್ರೆಂಚರು ಬಳಸುವ 'ಇನಾಕ್ಸ್' ಎಂಬ ಪದ ಆ ಹೆಸರಿನ ಬಾಲಕ್ಕೆ ಸೇರಿ ವಿಕ್ಟೋರಿನಾಕ್ಸ್ ಆಯಿತು.

ಕೆಂಪೇ ಏಕೆ? ಹಿಮದ ಮೇಲೆ ಬಿದ್ದರೆ ಕಾಣಲಿ ಎಂದು, ಎನ್ನುವ ಮಾತು ಚಾಲ್ತಿಯಲ್ಲಿದೆ. ದೇಶದ ಬಾವುಟದ ಬಣ್ಣವೂ ಅದೇ. ಕಾರಣ ಏನೇ ಇರಲಿ, ಹೊಳೆಯುವ ಆ ಕೆಂಪು ಪ್ಲಾಸ್ಟಿಕ್ಕಿಗೆ (ಕಂಪನಿಯ ಮಾತಿನಲ್ಲಿ ಸೆಲ್ಲಿಡಾರ್) ಒಂದು ಗುಣವಿದೆ. ಅದು ನಗುಮುಖದ ಕೆಂಪು. ಗೀರು ಬೇಗ ಬೀಳುತ್ತದೆ, ಕೀಲಿಕೈಗಳ ಜೊತೆ ಇಟ್ಟರೆ ಹೊಳಪು ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಅದರಿಂದ ಬೇಸರಪಡಬೇಕಾಗಿಲ್ಲ, ಹೊಸ ಪಟ್ಟಿಗಳನ್ನು ಒತ್ತಿ ಕೂರಿಸಿಕೊಳ್ಳಬಹುದು. ಕಂಪನಿ ನೀಲಿ, ಹಸಿರು, ಪಾರದರ್ಶಕ ಬಣ್ಣಗಳನ್ನೂ ಕೊಡುತ್ತದೆ. ಆದರೂ ಹೊಸಬರು ಶುರುಮಾಡಲು ಕೆಂಪಿಗಿಂತ ಸಲೀಸಾದದ್ದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ನಾನು ಸ್ವಲ್ಪ ಜಗಳ ತೆಗೆಯುತ್ತೇನೆ.

ಹಿಮದ ನಾಡಿನ ಲೆಕ್ಕ ನಮ್ಮ ನೆಲಕ್ಕೆ ಹೊಂದುವುದಿಲ್ಲ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲ ಕೆಂಪು. ಕೋಲಾರ, ತುಮಕೂರಿನ ಹೊಲದ ಮಣ್ಣೂ ಕೆಂಪು. ಒಣಗಿದ ಮಾವಿನ ಎಲೆ, ಅಡಿಕೆ ಹಾಳೆ, ತೆಂಗಿನ ಸಿಪ್ಪೆ ಎಲ್ಲವೂ ಕಂದು ಮತ್ತು ಕಿತ್ತಳೆಯ ನಡುವೆ. ತೋಟದಲ್ಲಿ ಕೈಜಾರಿದ ಕೆಂಪು ಚಾಕುವನ್ನು ಹುಡುಕುವುದು ಸುಲಭವಲ್ಲ. ಶಿಕಾರಿಯವರು ಹಾಕಿಕೊಳ್ಳುವ ಕಡು ಕಿತ್ತಳೆಯೂ ಇಲ್ಲಿ ಅಷ್ಟು ಕಣ್ಣು ಕುಕ್ಕುವುದಿಲ್ಲ. ಇದಕ್ಕೆ ಕಣ್ಣಿನದೇ ಒಂದು ಕುಂದು ಸೇರುತ್ತದೆ. ಸಂಜೆ ಬೆಳಕು ಇಳಿಯುತ್ತಿದ್ದಂತೆ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವ ಬಣ್ಣ ಕೆಂಪು. ನೀಲಿ, ಹಸಿರು ಇನ್ನೂ ಸ್ವಲ್ಪ ಹೊತ್ತು ಬೆಳಗುತ್ತಿರುತ್ತವೆ. ಹತ್ತೊಂಬತ್ತನೆಯ ಶತಮಾನದ ಮೊದಲ ಪಾದದಲ್ಲಿ ಇದನ್ನು ಗಮನಿಸಿದ ಜೆಕ್ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆಯ ಹೆಸರಿನಲ್ಲೇ ಈ ಪರಿಣಾಮವನ್ನು ಕರೆಯುತ್ತಾರೆ. ತೋಟದಲ್ಲಿ ದಾಸವಾಳವಿದ್ದವರು ಇವತ್ತೇ ಸಂಜೆ ಪರೀಕ್ಷಿಸಬಹುದು, ಎಲೆ ಕಾಣುತ್ತಿರುವಾಗಲೇ ಹೂವು ಕತ್ತಲಾಗುತ್ತದೆ. ಜೊತೆಗೆ, ಕೆಂಪು ಹಸಿರಿನ ಭೇದ ಸರಿಯಾಗಿ ತಿಳಿಯದ ಗಂಡಸರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಅವರಿಗೆ ಹುಲ್ಲಿನಲ್ಲಿ ಬಿದ್ದ ಕೆಂಪು ಚಾಕು ಹಾಡಹಗಲಲ್ಲೂ ಇಲ್ಲ.

ನಮ್ಮ ನೆಲದಲ್ಲಿ ಇಲ್ಲದ ಬಣ್ಣ ನೀಲಿ. ಮಣ್ಣು ನೀಲಿಯಲ್ಲ, ಎಲೆ ನೀಲಿಯಲ್ಲ, ತೊಗಟೆ ನೀಲಿಯಲ್ಲ. ಹೂವುಗಳಲ್ಲೂ ಶಂಖಪುಷ್ಪದಂಥ ಬೆರಳೆಣಿಕೆಯವು. ಅಮೆರಿಕದ ಬೆಂಚ್‌ಮೇಡ್ ಕಂಪನಿ 2017ರಲ್ಲಿ 'ಬಗ್‌ಔಟ್' ಎಂಬ ಹಗುರವಾದ ಚಾಕುವನ್ನು ತಂದಾಗ ಅದಕ್ಕೆ ಕೊಟ್ಟದ್ದು ತಿಳಿನೀಲಿ ಹಿಡಿ. ಕೈಯಲ್ಲಿ ಆಯುಧವೆನಿಸುವುದಿಲ್ಲ, ನೆಲದಲ್ಲಿ ಕಳೆದುಹೋಗುವುದಿಲ್ಲ. ಹಾಗಾಗಿ ತೋಟ, ಹೊಲ, ಚಾರಣ ಎಂದು ಓಡಾಡುವ ಕನ್ನಡಿಗರ ಮೊದಲ ಚಾಕುವಿಗೆ ನಾನು ಹೇಳುವ ಬಣ್ಣ ನೀಲಿ. ಪಟ್ಟಣದ ಮೇಜಿನ ಮೇಲೆ ಮಾತ್ರ ಬಳಸುವವರಿಗೆ ಕೆಂಪು ಸಾಕು.

ನೀಲಿ ಸೇರದವರಿಗೆ ಹಳದಿ ಇದೆ. ಸ್ಪೈಡರ್ಕೋ ಕಂಪನಿ ಉಪ್ಪುನೀರಿನಲ್ಲಿ ತುಕ್ಕು ಹಿಡಿಯದ ಉಕ್ಕಿನಿಂದ ಮಾಡುವ 'ಸಾಲ್ಟ್' ಸರಣಿಯ ಹಲವು ಚಾಕುಗಳಿಗೆ ಹಳದಿ ಹಿಡಿ ಹಾಕುತ್ತದೆ. ದೋಣಿಯಲ್ಲಿ ಕೆಲಸ ಮಾಡುವವರಿಗೆ ಕಾಣುವ ಬಣ್ಣ ಮುಖ್ಯ. ಇದಕ್ಕಿಂತ ಹಳೆಯ ಹಳದಿಯೊಂದು ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡ್ ಊರಿನ ಕೇಸ್ ಕಂಪನಿಯದು. ಅಮೆರಿಕದ ಹಳ್ಳಿಗಾಡಿನಲ್ಲಿ ರೈತರು, ಮೀನು ಹಿಡಿಯುವವರು ಹೊಳಪಿನ ಹಳದಿ ಹಿಡಿಯ ಕೇಸ್ ಚಾಕುವನ್ನು ತಲೆಮಾರುಗಳಿಂದ ಇಟ್ಟುಕೊಂಡಿದ್ದಾರೆ. ಆ ಕಂಪನಿ ಹಿಡಿಯನ್ನು ಎಷ್ಟು ಗಂಭೀರವಾಗಿ ನೋಡುತ್ತದೆ ಎಂದರೆ ಚಾಕುವಿನ ಮಾದರಿ ಸಂಖ್ಯೆಯ ಮೊದಲ ಅಂಕಿಯೇ ಹಿಡಿಯದು. 3254 ಎಂದಿದ್ದರೆ 3 ಎಂಬುದು ಹಳದಿ ಹಿಡಿ, 2 ಎಂಬುದು ಅಲಗುಗಳ ಲೆಕ್ಕ, 54 ಎಂಬುದು ಟ್ರ್ಯಾಪರ್ ಎಂಬ ಆಕಾರ. ಅದೇ ಚಾಕು ಬಣ್ಣ ಹಾಕಿದ ಎಲುಬಿನಲ್ಲಿ ಬಂದರೆ 6254, ಜಿಂಕೆಗೊಂಬಿನಲ್ಲಿ ಬಂದರೆ 5254. ಒಂದು ಹಳೆಯ ಕೇಸ್ ಕೈಗೆ ಸಿಕ್ಕಿದರೆ ಅಲಗಿನ ಬುಡದಲ್ಲಿ ಒತ್ತಿರುವ ಸಂಖ್ಯೆಯನ್ನೂ ಹಿಡಿಯನ್ನೂ ತಾಳೆ ನೋಡಿ. ಹೊಂದದಿದ್ದರೆ ಯಾರೋ ಹಿಡಿ ಬದಲಿಸಿರಬಹುದು.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ಬಣ್ಣದ ಉಪಯೋಗ. ರಸಿಕರ ದಾರಿ ಇಲ್ಲಿಂದ ಮುಂದೆ. ಯಾವುದೇ ಹಿಡಿ ಕೈಗೆ ಬಂದಾಗ ಈ ಬಣ್ಣ ಎಲ್ಲಿಂದ ಬಂತು, ಹತ್ತು ವರ್ಷದ ನಂತರ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು. ಬೆಳೆದು ಬಂದ ಬಣ್ಣ ಬೇರೆ, ಕುಡಿಸಿದ ಬಣ್ಣ ಬೇರೆ, ಬೆಳಕಿನ ಮಾಯೆಯಿಂದ ತೋರುವ ಬಣ್ಣ ಇನ್ನೂ ಬೇರೆ. ಅಂಗಡಿಯ ದೀಪದಡಿ ಒಂದೇ ತೆರನಾಗಿ ಕಾಣುವ ಎರಡು ನೀಲಿ ಹಿಡಿಗಳು ಬಳಕೆಯಲ್ಲಿ ಪೂರಾ ಬೇರೆ ದಾರಿ ಹಿಡಿಯುತ್ತವೆ.

ಮರದಿಂದ ಶುರು ಮಾಡಿ. ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡತೊಡಗಿದ ಸರಳ ಚಾಕು ಇಂದಿಗೂ ಅದೇ ಆಕಾರದಲ್ಲಿದೆ. ಬೀಚ್ ಮರದ ತೆಳುಹಳದಿ ಹಿಡಿ, ಒಂದು ಅಲಗು, 1955ರಲ್ಲಿ ಸೇರಿದ ತಿರುಗುವ ಉಂಗುರ. ಬೀಚ್ ಮರಕ್ಕೆ ಸ್ವಂತದ್ದೆನ್ನುವ ಬಣ್ಣ ಕಡಿಮೆ, ಹಾಗಾಗಿ ಕಲಿಯುವವರಿಗೆ ಅದೇ ಒಳ್ಳೆಯ ಹಲಗೆ. ಮೇಲಿನ ವಾರ್ನಿಷನ್ನು ಉಪ್ಪುಕಾಗದದಿಂದ ತೆಗೆದು, ಗಟ್ಟಿ ಕಾಫಿ ಡಿಕಾಕ್ಷನ್ ಎರಡು ಮೂರು ಸಲ ಸವರಿ ಒಣಗಿಸಿ, ಅಗಸೆ ಎಣ್ಣೆ ಉಜ್ಜಿದರೆ ನಿಮ್ಮದೇ ಒಂದು ಕಂದು ಹುಟ್ಟುತ್ತದೆ. ಒಂದು ತೊಡಕು ಹೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಮರ ನೀರು ಹೀರಿ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಸವೊಯ್ ಜನ ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ: ಹಿಡಿಯ ಹಿಂಭಾಗವನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದರೆ ಅಲಗಿನ ತುದಿ ಹೊರಗೆ ಇಣುಕುತ್ತದೆ.

ಮರದ ಬಣ್ಣ ಕೊಂಡ ದಿನದ ಹಾಗೆ ಉಳಿಯುವುದಿಲ್ಲ, ಅದೇ ಅದರ ಸೊಗಸು. ಆಲಿವ್ ಮರ ಕೈಯ ಎಣ್ಣೆಗೆ ಜೇನುಬಣ್ಣಕ್ಕೆ ತಿರುಗುತ್ತದೆ. ಆಫ್ರಿಕಾದ ಪಡೌಕ್ ಮರ ಕಡಿದಾಗ ಬೆಂಕಿಯಂಥ ಕೆಂಪು, ಬೆಳಕು ತಾಗುತ್ತ ತಾಗುತ್ತ ಸಾಧಾರಣ ಕಂದಾಗುತ್ತದೆ. ಕೆಂಪಿಗೆ ಮರುಳಾಗಿ ಅದನ್ನು ಕೊಳ್ಳಬೇಡಿ, ಆ ಕಂದು ಇಷ್ಟವಾದರೆ ಕೊಳ್ಳಿ. ನಮ್ಮ ಬೀಟೆ ಮಾತ್ರ ನೇರಳೆ ಮಿಶ್ರಿತ ಕಂದಿನಿಂದ ಕರಿಗಂದಿನ ಕಡೆಗೆ ಘನತೆಯಿಂದ ನಡೆಯುತ್ತದೆ. ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳು 2017ರ ಜನವರಿಯಿಂದ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿವೆ, ಹಾಗಾಗಿ ಗಡಿ ದಾಟಿಸುವ ವ್ಯಾಪಾರಕ್ಕೆ ಕಾಗದಪತ್ರದ ಗೋಜಲುಂಟು. ಹೊರದೇಶದಿಂದ ಬೀಟೆ ಹಿಡಿಯ ಚಾಕು ತರಿಸಿಕೊಳ್ಳುವ ಮುಂಚೆ ವಿಚಾರಿಸಿ.

ಎಲುಬು, ಕೊಂಬಿನ ವಿಷಯಕ್ಕೆ ಬಂದರೆ ನಮ್ಮ ಕಾಡು ಜಗತ್ತಿನ ಚಾಕುಗಾರಿಕೆಯ ನಡುವೆಯೇ ನಿಂತಿದೆ. ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಅಮೆರಿಕದವರೆಗೆ ಚಾಕುಗಾರರು ಹಿಡಿಗೆ ಮೆಚ್ಚಿದ ಕೊಂಬು ಭಾರತದ ಕಡವೆಯದು. ಬಂಡೀಪುರ, ನಾಗರಹೊಳೆಗಳಲ್ಲಿ ರಸ್ತೆ ದಾಟುವಾಗ ಕಾಣುವ ಅದೇ ಕಡವೆ. ಬೇರೆ ಜಿಂಕೆಗಳ ಕೊಂಬಿನ ಒಳಗೆ ಬೆಂಡು ಹೆಚ್ಚು, ಕಡವೆಯದು ಗಟ್ಟಿ, ಮೇಲ್ಮೈ ಒರಟು. ಕೊಂಬು ಬೆಳೆಯುವಾಗ ಮೇಲಿದ್ದ ತೊಗಲು ಕಳಚಿ, ಪ್ರಾಣಿ ಅದನ್ನು ಮರಕ್ಕೆ, ಪೊದೆಗೆ ತಿಕ್ಕುತ್ತ ಹೋದಂತೆ ರಕ್ತ ಮತ್ತು ಗಿಡಗಳ ರಸ ಹಿಡಿದು ಹೊರಪದರ ಕಂದಾಗುತ್ತದೆ. ಒಳಗಿರುವುದು ಕೆನೆಬಣ್ಣ. ಅಂದರೆ ಆ ಕಂದು ಕಾಗದದಷ್ಟೇ ತೆಳು. ಚಾಕುಗಾರ ಹಿಡಿಯನ್ನು ನಯಗೊಳಿಸುವಾಗ ಎಲ್ಲಿ ನಿಲ್ಲಿಸಿದ್ದಾನೆ ಎಂಬುದರಲ್ಲಿ ಅವನ ಕೈಗುಣ ಗೊತ್ತಾಗುತ್ತದೆ. ಅಂಚಿನಲ್ಲಿ ಕೆನೆ, ನಡುವೆ ಒರಟು ಕಂದು, ಎರಡೂ ಒಂದಕ್ಕೊಂದು ಮೆಲ್ಲಗೆ ಕರಗಿದ್ದರೆ ಅದು ಬಲ್ಲವನ ಕೆಲಸ.

1990ರ ದಶಕದ ಕೊನೆಯ ಹೊತ್ತಿಗೆ ಭಾರತ ಈ ಕೊಂಬಿನ ರಫ್ತು ನಿಲ್ಲಿಸಿತು. ಹಾಗಾಗಿ ಹಳೆಯ ದಾಸ್ತಾನಿನ ಕಡವೆ ಹಿಡಿಗಳಿಗೆ ಹೊರದೇಶದಲ್ಲಿ ಬೆಲೆ ಏರಿದೆ. ಇದನ್ನು ಓದಿ ಯಾರೂ ಕಾಡಿನಲ್ಲಿ ಉದುರಿದ ಕೊಂಬು ಹೆಕ್ಕಲು ಹೋಗಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. 2023ರಲ್ಲಿ ಹುಲಿಯುಗುರಿನ ಲಾಕೆಟ್ಟುಗಳ ಗದ್ದಲ ಎದ್ದಾಗ ಎಷ್ಟು ಮನೆಗಳ ಗೋಡೆಯ ಕೊಂಬುಗಳು ಅಟ್ಟ ಸೇರಿದವು ಎಂಬುದು ಓದುಗರಿಗೆ ನೆನಪಿರಬಹುದು.

ಕಡವೆಕೊಂಬು ದುಬಾರಿಯಾದವರಿಗೆಂದು ಹುಟ್ಟಿದ್ದು ದನದ ಕಾಲೆಲುಬಿನ ಹಿಡಿ. ಎಲುಬನ್ನು ಜಿಡ್ಡು ತೆಗೆದು, ಕೊಂಬಿನ ಒರಟುತನ ಬರುವಂತೆ ಮೇಲೆ ಸಣ್ಣ ಸಣ್ಣ ಗೀರು ಕೆತ್ತಿ, ಬಣ್ಣದಲ್ಲಿ ನೆನೆಸುತ್ತಾರೆ. ಅನುಕರಣೆಯಾಗಿ ಶುರುವಾದ ಈ ಕೆತ್ತನೆ ಈಗ ತನ್ನದೇ ಒಂದು ಕಲೆ. ಒಂದೊಂದು ಕಾರ್ಖಾನೆಯ ಗೀರಿನ ಶೈಲಿಯನ್ನು ನೋಡಿಯೇ ಹೆಸರು ಹೇಳುವ ಸಂಗ್ರಾಹಕರಿದ್ದಾರೆ. ಎಲುಬು ಬಣ್ಣವನ್ನು ಎಲ್ಲೆಡೆ ಒಂದೇ ಸಮನೆ ಕುಡಿಯುವುದಿಲ್ಲ. ಗೀರಿನ ಆಳದಲ್ಲಿ ಗಾಢ, ದಿಬ್ಬದ ಮೇಲೆ ತಿಳಿ. ಜೇಬಿನಲ್ಲಿ ಸವೆಯುತ್ತ ದಿಬ್ಬಗಳು ಇನ್ನಷ್ಟು ತಿಳಿಯಾಗಿ ಗೀರುಗಳು ಎದ್ದು ಕಾಣುತ್ತವೆ. ಬಣ್ಣ ಕುಡಿದ ಎಲುಬು ಸವೆದಷ್ಟೂ ಚೆಂದವಾಗುತ್ತದೆ. ಚೆಸ್ಟ್‌ನಟ್ ಕಂದು, ಅಂಬರ್ ಎಂಬ ಬೆಲ್ಲದ ಬಣ್ಣ, ಹಸಿರು, ಕಡುನೀಲಿ ಎಲ್ಲ ಸಿಗುತ್ತವೆ. ನನ್ನ ಮತ ಬೆಲ್ಲದ ಬಣ್ಣಕ್ಕೆ. ಕಡುನೀಲಿ ಎಲುಬು ನನಗೆ ಎಂದೂ ನಂಬಿಕೆ ಹುಟ್ಟಿಸಿಲ್ಲ, ಎಲುಬಿಗೆ ವೇಷ ಹಾಕಿದಂತಿರುತ್ತದೆ.

ಲೋಹದ ಬಣ್ಣಗಳು ಹೊಸಬರನ್ನು ಹೆಚ್ಚು ಮೋಸಗೊಳಿಸುತ್ತವೆ. ಅಲ್ಯೂಮಿನಿಯಂ ಹಿಡಿಗೆ ಬಣ್ಣ ಕೊಡುವುದು ಹೀಗೆ: ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಮೇಲೆ ಸೂಕ್ಷ್ಮ ರಂಧ್ರಗಳ ಆಕ್ಸೈಡ್ ಪದರ ಏಳುತ್ತದೆ, ಆ ರಂಧ್ರಗಳಿಗೆ ಬಣ್ಣ ತುಂಬಿ ಮುಚ್ಚುತ್ತಾರೆ. ವಿಕ್ಟೋರಿನಾಕ್ಸ್‌ನ ಉಬ್ಬುಚಿತ್ತಾರದ 'ಆಲಾಕ್ಸ್' ಹಿಡಿಗಳು ಈ ಬಗೆಯವು, ವರ್ಷವರ್ಷಕ್ಕೆ ಒಂದು ಹೊಸ ಬಣ್ಣವನ್ನು ಮಿತಿಯ ಸಂಖ್ಯೆಯಲ್ಲಿ ತರುತ್ತಾರೆ. ಈ ಬಣ್ಣ ಗಟ್ಟಿ. ಆದರೂ ಅಂಚುಗಳಲ್ಲಿ ಸವೆದು ಬೆಳ್ಳಿ ಇಣುಕುತ್ತದೆ. ಸವೆದ ಅಂಚು ಕೆಲವರಿಗೆ ಕಲೆ, ಕೆಲವರಿಗೆ ಕಳೆ. ಎರಡನೆಯವರಾದರೆ ಮಾತ್ರ ಅಲ್ಯೂಮಿನಿಯಂಗೆ ಕೈ ಹಾಕಿ.

ಟೈಟೇನಿಯಂ ಕತೆಯೇ ಬೇರೆ. ಅದಕ್ಕೆ ಬಣ್ಣವನ್ನೇ ಹಾಕುವುದಿಲ್ಲ. ವಿದ್ಯುತ್ತಿನಿಂದ ಮೇಲೆ ಪಾರದರ್ಶಕವಾದ ಅತಿ ತೆಳು ಪದರ ಬೆಳೆಯುತ್ತದೆ. ಅದರ ಮೇಲ್ಮೈಯಿಂದ ಮರಳುವ ಬೆಳಕೂ ತಳದಿಂದ ಮರಳುವ ಬೆಳಕೂ ಬೆರೆತು ಕೆಲವು ಬಣ್ಣಗಳು ಅಳಿಯುತ್ತವೆ, ಕೆಲವು ಉಳಿಯುತ್ತವೆ. ಮಳೆ ನಿಂತ ರಸ್ತೆಯ ಮೇಲೆ ಸ್ಕೂಟರಿನ ಆಯಿಲ್ ಚೆಲ್ಲಿದಾಗ ಕಾಣುವ ಕಾಮನಬಿಲ್ಲಿನಂತೆ. ವೋಲ್ಟೇಜ್ ಏರಿಸಿದಂತೆ ಪದರ ದಪ್ಪವಾಗಿ ಬಣ್ಣ ಬದಲಾಗುತ್ತದೆ: ಶುರುವಿನಲ್ಲಿ ಕಂಚು, ಆಮೇಲೆ ನೇರಳೆ, 30 ವೋಲ್ಟಿನ ಸುಮಾರಿಗೆ ನೀಲಿ, 60ರ ಆಸುಪಾಸಿನಲ್ಲಿ ಹಳದಿ, ಮುಂದೆ ಗುಲಾಬಿ, 100ರ ಹತ್ತಿರ ಹಸಿರು. ಅಪ್ಪಟ ಕೆಂಪು ಈ ಸಾಲಿನಲ್ಲಿ ಇಲ್ಲವೇ ಇಲ್ಲ. ಟೈಟೇನಿಯಂ ಹಿಡಿ ಅಚ್ಚ ಕೆಂಪಾಗಿ ಕಂಡರೆ ಅದು ಮೇಲೆ ಬಳಿದದ್ದು. ಬೆರಳಿನ ಜಿಡ್ಡು ತಾಗಿದಲ್ಲಿ ಬಣ್ಣ ಮಂಕಾಗಿ ಬೇರೆಯಾಗಿಯೇ ತೋರುತ್ತದೆ, ಒರೆಸಿದರೆ ಮರಳುತ್ತದೆ. ಗೀರು ಬಿದ್ದರೆ ಮಾತ್ರ ಅಲ್ಲಿ ಬೂದು ಲೋಹ. ಕೊಳ್ಳುವಾಗ ಓರೆಯಾಗಿಸಿ, ಬೇರೆ ಬೇರೆ ಕೋನದಿಂದ, ಸಾಧ್ಯವಾದರೆ ಬಾಗಿಲಾಚೆಯ ಬೆಳಕಿನಲ್ಲಿ ನೋಡಿ.

ಹಿತ್ತಾಳೆಯನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಎಂಬ ಚಾಕುವಿಗೆ ಹಿತ್ತಾಳೆ ತಗಡನ್ನು ಮಡಚಿದ ಹಿಡಿ. ಹೊಸತರಲ್ಲಿ ಚಿನ್ನದಂತೆ ಹೊಳೆದು, ತಿಂಗಳೊಳಗೆ ಬೆರಳಚ್ಚುಗಳ ನಕ್ಷೆಯಾಗಿ, ಆಮೇಲೆ ಒಂದೇ ಸಮನಾದ ಕಂದುಗಪ್ಪಾಗುತ್ತದೆ. ಹುಣಸೆಹಣ್ಣಿನಲ್ಲಿ ಉಜ್ಜಿದರೆ ಎಲ್ಲ ಮೊದಲಿನಿಂದ. ಕೈಗೆ ಸ್ವಲ್ಪ ಲೋಹದ ವಾಸನೆ ಬರುತ್ತದೆ, ಹಣ್ಣು ಹೆಚ್ಚುವವರು ಯೋಚಿಸಿ.

ಇನ್ನು ಅಂಟಿನಲ್ಲಿ ಗಟ್ಟಿಮಾಡಿದ ಹಾಳೆಗಳು. ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ನೆನೆಸಿ ಒತ್ತಿದರೆ ಮೈಕಾರ್ಟಾ. 1910ರ ಹೊತ್ತಿಗೆ ವೆಸ್ಟಿಂಗ್‌ಹೌಸ್ ಕಂಪನಿ ವಿದ್ಯುತ್ ಉಪಕರಣಗಳಿಗೆಂದು ಇದನ್ನು ತಂದಿತು. ಹೊಸ ಮೈಕಾರ್ಟಾ ಸಪ್ಪೆಯಾಗಿ, ಒಣಕಲಾಗಿ ಕಾಣುತ್ತದೆ. ಎಷ್ಟೋ ಮಂದಿ ಅಂಗಡಿಯಲ್ಲೇ ತಿರಸ್ಕರಿಸುತ್ತಾರೆ. ಕೈಯ ಬೆವರು, ಎಣ್ಣೆ ಹೀರಿಕೊಂಡು ಅದು ನಿಧಾನವಾಗಿ ಆಳಕ್ಕಿಳಿಯುತ್ತದೆ. ಬೆರಳು ಹೆಚ್ಚು ತಾಗುವಲ್ಲಿ ಹೆಚ್ಚು ಗಾಢ. ಹಸಿರು ಕ್ಯಾನ್ವಾಸ್ ಮೈಕಾರ್ಟಾ ನನ್ನ ದೃಷ್ಟಿಯಲ್ಲಿ ಹಿಡಿಯ ವಸ್ತುಗಳಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು. ಗಾಜಿನ ನೂಲನ್ನು ಎಪಾಕ್ಸಿಯಲ್ಲಿ ಒತ್ತಿದರೆ ಜಿ-10. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಪರಿಚಿತ, ಸರ್ಕ್ಯೂಟ್ ಬೋರ್ಡಿನ ಹಲಗೆ ಇದರ ಹತ್ತಿರದ ಬಂಧು. ಬಣ್ಣ ಬೆರೆಸದ ಜಿ-10 ಅರೆಪಾರದರ್ಶಕ ಹಳದಿ-ಹಸಿರು, ಪೇಟೆಯಲ್ಲಿ 'ಜೇಡ್' ಎಂದು ಮಾರುವುದು ಅದನ್ನೇ. ಅದರ ಹಿಂದಿನ ಉಕ್ಕಿನ ತಗಡು ಮಸುಕಾಗಿ ಕಾಣುವುದು ಚೆಂದ. ಮಿಕ್ಕ ಬಣ್ಣಗಳನ್ನು ಎಪಾಕ್ಸಿಯೊಳಗೇ ಬೆರೆಸಿರುತ್ತಾರೆ, ಸವೆದರೂ ಬದಲಾಗುವುದಿಲ್ಲ. ಹೊಸತಾಗಿಯೇ ಇರಬೇಕೆನ್ನುವವರಿಗೆ ಜಿ-10, ಹಳತಾಗಬೇಕೆನ್ನುವವರಿಗೆ ಮೈಕಾರ್ಟಾ. ಗಾಜು ಬೆರೆತ ನೈಲಾನಿನ ಬಗ್ಗೆ ಹೆಚ್ಚು ಹೇಳಲು ಇಲ್ಲ, ಹಗುರ, ಅಗ್ಗ, ಯಾವ ಬಣ್ಣ ಬೇಕಾದರೂ ಬರುತ್ತದೆ. ನೀಲಿ ಚಾಕುವಿಗೆ ಅದು ಸಾಕು.

ಹಿಡಿಯನ್ನು ಒಂಟಿಯಾಗಿ ನೋಡಬೇಡಿ ಎಂಬುದು ಇನ್ನೊಂದು ಪಾಠ. ಸ್ಕ್ರೂಗಳು, ಕ್ಲಿಪ್ಪು, ಎರಡು ಪಟ್ಟಿಗಳ ನಡುವಿನ ಕಂಬಗಳು, ಅಲಗಿನ ಹೊಳಪು ಎಲ್ಲ ಸೇರಿ ಬಣ್ಣದ ಕೂಟ. ಬೆಂಚ್‌ಮೇಡ್‌ಗಾಗಿ ವಾರೆನ್ ಆಸ್ಬರ್ನ್ ವಿನ್ಯಾಸ ಮಾಡಿದ 940 ಎಂಬ ಚಾಕುವನ್ನು ನೋಡಿ. ಹಿಡಿ ಮಂದ ಹಸಿರು ಅಲ್ಯೂಮಿನಿಯಂ, ಬೆನ್ನಿನ ಸಂದಿನಲ್ಲಿ ಇಣುಕುವ ಕಂಬಗಳು ನೇರಳೆ ಟೈಟೇನಿಯಂ. ಕಾಗದದ ಮೇಲೆ ಬರೆದರೆ ಯಕ್ಷಗಾನದ ವೇಷದಷ್ಟು ಗಾಢವೆನಿಸುತ್ತದೆ. ಕೈಯಲ್ಲಿ ಹಿಡಿದಾಗ ನೇರಳೆ ಕಾಣುವುದು ಬೆನ್ನಿನಿಂದ ನೋಡಿದಾಗ ಮಾತ್ರ, ಅದೂ ಚೂರೇ ಚೂರು. ಎರಡನೆಯ ಬಣ್ಣ ಇರಬೇಕಾದ ಪ್ರಮಾಣ ಅದು. ಹಿಡಿ, ಕ್ಲಿಪ್ಪು, ಸ್ಕ್ರೂ, ಅಲಗು ನಾಲ್ಕಕ್ಕೂ ಒಂದೊಂದು ಬಣ್ಣ ಹಚ್ಚಿದ ಚಾಕುಗಳು ಚಿತ್ರದಲ್ಲಿ ಮಿಂಚುತ್ತವೆ, ವಾರದಲ್ಲಿ ಹಳಸುತ್ತವೆ. ಕ್ಲಿಪ್ಪಿನ ಬಗ್ಗೆ ಮರೆಯಬೇಡಿ, ಜೇಬಿನಲ್ಲಿದ್ದಾಗ ಲೋಕಕ್ಕೆ ಕಾಣುವುದು ಅದೊಂದೇ. ಕಡುಬಣ್ಣದ ಪ್ಯಾಂಟಿಗೆ ಬೆಳ್ಳಿ ಕ್ಲಿಪ್ಪು ಪೆನ್ನೆಂದೇ ದಾಟಿಹೋಗುತ್ತದೆ.

ಅಂಗಡಿಯಲ್ಲಿ ಚಾಕುವನ್ನು ಮೊದಲು ಮಡಚಿಯೇ ಹಿಡಿದು ಎರಡೂ ಮಗ್ಗುಲು ನೋಡಿ, ಆಮೇಲೆ ಬೆನ್ನು, ಆಮೇಲೆ ಅರ್ಧ ತೆರೆದು, ಕೊನೆಗೆ ಪೂರ್ತಿ ತೆರೆದು. ಎಲುಬು, ಮರ, ಕೊಂಬುಗಳಲ್ಲಿ ಎರಡು ಮಗ್ಗುಲಿನ ಬಣ್ಣ ಒಂದಕ್ಕೊಂದು ಹೊಂದಿದೆಯೇ ಎಂಬುದು ಮುಖ್ಯ. ಒಂದೇ ತುಂಡಿನಿಂದ ಸೀಳಿದ ಜೋಡಿಯಾಗಿದ್ದರೆ ಗೆರೆಗಳು ಕನ್ನಡಿಯಲ್ಲಿ ಕಂಡಂತೆ ಕೂಡುತ್ತವೆ. ಆನ್‌ಲೈನ್ ಚಿತ್ರ ನಂಬಿ ಕೊಳ್ಳುವುದಾದರೆ ಪ್ಲಾಸ್ಟಿಕ್, ಜಿ-10 ಇವುಗಳಿಗೆ ಸೀಮಿತವಾಗಿರಿ. ಮರವನ್ನೂ ಎಲುಬನ್ನೂ ಕಣ್ಣಾರೆ ನೋಡದೆ ಕೊಳ್ಳುವುದು ಜೂಜು.

ಕಾನೂನಿನ ಮಾತು ಎರಡು ಸಾಲಿನಲ್ಲಿ ಮುಗಿಸುತ್ತೇನೆ. ನಮ್ಮ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ವಿಷಯದಲ್ಲಿ ಕಣ್ಣಿಡುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗುಗಳ ಮೇಲೆ, ಜೇಬುಚಾಕು ಆ ಅಳತೆಗೆ ಎಲ್ಲೂ ಹತ್ತಿರವಿಲ್ಲ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ನಿಯಮ ಬಿಗಿ: ಕಾರಣ ಕೊಡದೆ ಜೇಬಿನಲ್ಲಿಟ್ಟುಕೊಳ್ಳಲು ಅಲಗು 3 ಇಂಚು ಮೀರಬಾರದು, ತೆರೆದಾಗ ಬೀಗ ಬೀಳಬಾರದು, ಹಾಗಾಗಿ ಉಂಗುರದ ಒಪಿನೆಲ್ ಅಲ್ಲಿ ಮನೆಯಲ್ಲೇ ಇರಲಿ. ವಿಮಾನ ನಿಲ್ದಾಣಕ್ಕೆ ಹೊರಡುವ ದಿನ ಚಾಕುವನ್ನು ಮರೆಯದೆ ಚೆಕ್-ಇನ್ ಮಾಡುವ ಪೆಟ್ಟಿಗೆಗೆ ಸೇರಿಸಿ. ಭದ್ರತಾ ತಪಾಸಣೆಯ ಡಬ್ಬಿಗೆ ಬಿದ್ದ ಚಾಕು ನೀಲಿಯೋ ಕೆಂಪೋ ಎಂದು ಅಲ್ಲಿ ಯಾರೂ ನೋಡುವುದಿಲ್ಲ.